ಲ್ಯಾಬ್ ಬೀಗಲ್ ಕಾಫಿ ತೋಟದಲ್ಲಿ ಬದುಕುತ್ತದೆ: ನನ್ನ ಅನುಭವ

ಲ್ಯಾಬ್ ಬೀಗಲ್ ಅಂದರೆ ಔಷಧ ಪ್ರಯೋಗಕ್ಕೆ ಲ್ಯಾಬಿನಲ್ಲಿ ಬಳಸಿ, ಆಮೇಲೆ ಸಾಕೋಕೆ ಕೊಡುವ ಬೀಗಲ್ ಜಾತಿಯ ನಾಯಿ. ಅದು ಕಾಫಿ ತೋಟದಲ್ಲಿ ಬದುಕೋಕೆ ಆಗಲ್ಲ ಅಂದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ತೋಟ ಇರುವುದು ಕೊಡಗಿನ ಸಿದ್ದಾಪುರದ ಕಡೆ. ಆನೆ ಬರುತ್ತದೆ, ಹಂದಿ ಬರುತ್ತದೆ, ಮಳೆಗಾಲದಲ್ಲಿ ಜಿಗಣೆ, ಮಳೆ ಬಿಟ್ಟರೆ ರಕ್ತ ಹೀರುವ ಉಣ್ಣೆ ಹುಳ. ಗೂಡಿನಲ್ಲೇ ಹುಟ್ಟಿ ಬೆಳೆದ ನಾಯಿ ಇಲ್ಲಿ ಒಂದು ಮಳೆಗಾಲ ದಾಟಲ್ಲ, ಬೆಂಗಳೂರಿನ ಫ್ಲ್ಯಾಟಿಗೇ ಕೊಡಿ ಅಂತ ಡಾಕ್ಟರೂ ಹೇಳಿದರು, ನೆಂಟರೂ ಹೇಳಿದರು. ಈಗ ನಮ್ಮ ಅಂಗಳದಲ್ಲಿ ನಾಲ್ಕು ಬೀಗಲ್ ಇವೆ. ಮೊದಲನೆಯದು ಬಂದು ಐದಾರು ವರ್ಷ ಆಗಿರಬೇಕು.

ಇಂಥ ನಾಯಿ ಸಾಕಿದವರಿಗೆ ಶುರುವಿನ ದಿನಗಳು ಗೊತ್ತೇ ಇರುತ್ತವೆ. ಕಿವಿಯೊಳಗೆ ಹಚ್ಚೆ ನಂಬರ್. ಹುಲ್ಲು ಗೊತ್ತಿಲ್ಲ, ಮೆಟ್ಟಿಲು ಗೊತ್ತಿಲ್ಲ. ನಮ್ಮ ಮೊದಲ ಹೆಣ್ಣುನಾಯಿ ಹತ್ತಿರ ಹೋದರೆ ಓಡುತ್ತಿರಲಿಲ್ಲ, ಗುರ್ ಅನ್ನುತ್ತಲೂ ಇರಲಿಲ್ಲ. ನೆಲಕ್ಕೆ ಅಂಟಿಕೊಂಡು, ಮುಖ ಆ ಕಡೆ ತಿರುಗಿಸಿ, ಮುಂಗಾಲನ್ನು ಮಾತ್ರ ನನ್ನ ಕಡೆ ಚಾಚುತ್ತಿತ್ತು. ರಕ್ತ ತೆಗೆಯೋಕೆ ಬಂದವನು ಅಂದುಕೊಂಡು. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ. ಬೀಗಲನ್ನೇ ಆರಿಸುವುದು ಇದಕ್ಕೇ ಅಲ್ವಾ: ಹತ್ತು ಕೆಜಿ ಆಸುಪಾಸಿನ ಮೈ, ಗುಂಪಿನಲ್ಲಿ ಹೊಂದಿಕೊಂಡು ಇರುತ್ತದೆ, ನೋವಾದರೂ ಕಚ್ಚುವುದು ಅಪರೂಪ. ಒಳ್ಳೆಯ ಗುಣವೇ ಅದಕ್ಕೆ ಮುಳುವಾಯಿತು.

ಎಲ್ಲರೂ ಹೇಳುವ ಕ್ರೇಟ್ ಟ್ರೇನಿಂಗ್, ಅಂದರೆ ಪಂಜರದಂಥ ಪೆಟ್ಟಿಗೆಯಲ್ಲಿ ಇರೋಕೆ ರೂಢಿ ಮಾಡಿಸುವುದು, ಇಲ್ಲಿ ಕೆಲಸ ಮಾಡಲಿಲ್ಲ. ಕ್ರೇಟಿಗೆ ಹೋದ ನಾಯಿ ಹೊರಗೇ ಬರಲಿಲ್ಲ, ಒಳಗೇ ಎಲ್ಲ ಮಾಡಿಕೊಂಡಿತು. ಬೆಲ್ಟ್ ಹಾಕಿದರೆ ಮರದ ಕೊರಡು. ಆಟಿಕೆಗೆ ಸುಮಾರು ಎರಡು ಸಾವಿರ ಸುರಿದೆ, ಮೂಸಿಯೂ ನೋಡಲಿಲ್ಲ. ಆಮೇಲೆ ನಾನು ಕಲಿಸುವುದನ್ನೇ ಬಿಟ್ಟೆ. ತೋಟದ ಕೆಲಸದವರ ಲೈನ್ ಮನೆಯ ಹತ್ತಿರ ಒಂದು ಮುದಿ ಊರುನಾಯಿ ಇತ್ತು, ಯಾರ ತಂಟೆಗೂ ಹೋಗದ್ದು. ಅದನ್ನು ತಂದು ಜೊತೆಗೆ ಬಿಟ್ಟೆ. ಕೋಣೆಯ ಒಂದು ಮೂಲೆಗೆ ತೋಟದ ಮಣ್ಣು, ತರಗೆಲೆ ಹರಡಿದೆ, ಪ್ರತಿ ವಾರ ಅದನ್ನು ಬಾಗಿಲ ಕಡೆಗೆ ಅಗಲ ಮಾಡುತ್ತಾ ಹೋದೆ. ನಾನು ಬೆನ್ನು ಹಾಕಿ ಕೂತು ಅನ್ನ ತಿನ್ನುತ್ತಿದ್ದೆ, ಅಷ್ಟೇ. ಮುದುಕ ಹೊಸ್ತಿಲು ದಾಟಿದರೆ ಬೀಗಲ್ ಕತ್ತು ಚಾಚುತ್ತಿತ್ತು. ಎರಡು ಮೂರು ತಿಂಗಳಲ್ಲಿ ಅಂಗಳಕ್ಕೆ ಇಳಿಯಿತು. ಹೊಸ್ತಿಲು ದಾಟಿಸುವುದರಲ್ಲಿ ಇನ್ನೊಂದು ಕೈಚಳಕ ಇದೆ. ಅದನ್ನು ಬರೆಯುವುದಿಲ್ಲ, ನಾಯಿ ತರುವವರು ಬಂದರೆ ತೋರಿಸುತ್ತೇನೆ.

ಸದ್ದಿನದು ದೊಡ್ಡ ತಲೆನೋವು. ಆನೆ ಓಡಿಸುವ ಪಟಾಕಿ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಗಾಳಿಯಲ್ಲಿ ಗುಂಡು. ಇಲ್ಲಿ ಇದನ್ನು ನಿಲ್ಲಿಸೋಕೆ ಆಗಲ್ಲ. ದಿನಾ ಸಣ್ಣಗೆ ಮಡಿಕೇರಿ ಆಕಾಶವಾಣಿ ಹಾಕಿಟ್ಟೆ, ಮನುಷ್ಯರ ಮಾತು ರೂಢಿಯಾಗಲಿ ಅಂತ. ಆಮೇಲೆ ಪಟಾಕಿ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಊಟದ ಹೊತ್ತಿನಲ್ಲಿ ತೀರಾ ಕಡಿಮೆ ಸದ್ದಿನಿಂದ ಶುರು ಮಾಡಿದೆ. ಮೂರಕ್ಕೆ ಒಗ್ಗಿತು. ಒಂದು ಈಗಲೂ ಮಂಚದ ಕೆಳಗೆ ಹೋಗುತ್ತದೆ, ಹೋಗಲಿ ಬಿಡಿ.

ಖರ್ಚು ಕೇಳುವವರು ಜಾಸ್ತಿ. ಮನೆ ಸುತ್ತ ಮೆಶ್ ಬೇಲಿಗೆ ಒಂದೂಕಾಲು ಲಕ್ಷ ಆಯಿತು, ಆನೆ ಒಂದು ಸಲ ಮುರಿದು ಮತ್ತೆ ಇಪ್ಪತ್ತು ಸಾವಿರ. ಲ್ಯಾಬ್ ನಾಯಿ ಉಣ್ಣೆಯನ್ನೇ ಕಂಡಿರುವುದಿಲ್ಲ, ಅದರಿಂದ ಜ್ವರ ಬಂದರೆ ಜೋರಾಗಿಯೇ ಬರುತ್ತದೆ. ಮೊದಲನೆಯದಕ್ಕೆ ರಕ್ತಪರೀಕ್ಷೆ, ಡ್ರಿಪ್, ಡಾಕ್ಸಿ (ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್) ಎಲ್ಲ ಸೇರಿ ಹದಿನೆಂಟು ಸಾವಿರ ದಾಟಿತ್ತು. ಈಗ ತಿಂಗಳಿಗೆ ಒಂದಕ್ಕೆ ಮೂರೂವರೆ, ನಾಲ್ಕು ಸಾವಿರ. ಕಾಫಿ ಕಣಕ್ಕೂ ಬೇಲಿ ಬೇಕೇ ಬೇಕು. ಹಣ್ಣಿನ ಸಿಪ್ಪೆ ಸಿಹಿ, ಬೀಗಲ್ ಸಿಕ್ಕಿದ್ದೆಲ್ಲ ತಿನ್ನುತ್ತದೆ, ಕೆಫೀನ್ ನಾಯಿಗೆ ವಿಷ.

ಈ ಹಣದ ಮಾತಿನಲ್ಲೇ ನನ್ನ ಸಿಟ್ಟು ಇರುವುದು. ಪ್ರಯೋಗಗಳ ಮೇಲೆ ಕಣ್ಣಿಡೋಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರದ ಸಮಿತಿ ಇದೆ. ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಆರೈಕೆ, ಪುನರ್ವಸತಿ ಪ್ರಯೋಗ ಮಾಡಿದವರ ಹೊಣೆ, ಆ ಖರ್ಚು ಸಂಶೋಧನೆಯ ಖರ್ಚಿಗೇ ಸೇರಬೇಕು ಅಂತ ಅದರ ಮಾರ್ಗಸೂಚಿಯಲ್ಲೇ ಇದೆ. ನನಗೆ ನಾಯಿ ಜೊತೆ ಸಿಕ್ಕಿದ್ದು ಲಸಿಕೆ ಚೀಟಿ ಒಂದೇ. ಏನು ಔಷಧ ಕೊಟ್ಟಿದ್ದರು ಅಂತ ಕೇಳಿದರೆ ಉತ್ತರವೇ ಇಲ್ಲ. ಲಿವರ್ ಕೆಟ್ಟಾಗ ಡಾಕ್ಟರ್ ಕತ್ತಲಲ್ಲಿ ತಡಕಾಡಬೇಕಾಯಿತು.

ನಾಯಿ ಮೇಲೆ ಪ್ರಯೋಗವೇ ಆಗಬಾರದಿತ್ತು ಅಂತ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ನಮ್ಮಪ್ಪ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. 1921ರಲ್ಲಿ ಟೊರಾಂಟೋದಲ್ಲಿ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದರ ದಾರಿ ಕಂಡುಕೊಂಡಿದ್ದು ನಾಯಿಗಳಿಂದಲೇ. ಆದರೆ ಆಗ ಬೇರೆ ದಾರಿ ಇರಲಿಲ್ಲ. ಈಗ ಕೋಶಗಳ ಮೇಲೆ, ಚಿಪ್ ಮೇಲೆ ಬೆಳೆಸಿದ ಅಂಗಾಂಶದ ಮೇಲೆ, ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಬಹುದು ಅಂತ ನಮ್ಮ ಹೊಸ ಔಷಧ ನಿಯಮಗಳಿಗೇ 2023ರಲ್ಲಿ ತಿದ್ದುಪಡಿ ಬಂದಿದೆ. ಆಗುವ ಕಡೆಯೂ ನಾಯಿಯನ್ನೇ ಬಳಸಿದರೆ ಅದು ಅನ್ಯಾಯ. ಬಳಸಿದ ಮೇಲೆ ಕೈ ತೊಳೆದುಕೊಂಡರೆ ಇನ್ನೂ ದೊಡ್ಡ ಅನ್ಯಾಯ.

ಮಧ್ಯೆ ಒಂದು ಹುಚ್ಚು ಪ್ರಯತ್ನವೂ ಆಯಿತು. ಆ ಮೂಗು ನೋಡಿ, ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳುವನ್ನು ಹಿಡಿಸಬಹುದಾ ಅಂತ ಹುಳು ಬಿದ್ದ ಕಾಂಡದ ತುಂಡುಗಳನ್ನು ಡಬ್ಬಿಯಲ್ಲಿ ಬಚ್ಚಿಟ್ಟು ಹುಡುಕಿಸಿದೆ. ಡಬ್ಬಿಯಲ್ಲಿ ಹತ್ತಕ್ಕೆ ಏಳು ಸರಿ ಹೇಳುತ್ತಿತ್ತು, ತೋಟದಲ್ಲಿ ಹೆಗ್ಗಣದ ವಾಸನೆ ಸಿಕ್ಕರೆ ಮುಗಿಯಿತು. ಅದಕ್ಕೆ ಬೇಜಾರು ಅಂತ ಕಂಡ ದಿನವೇ ನಿಲ್ಲಿಸಿದೆ. ಮನುಷ್ಯರಿಗಾಗಿ ಅದು ಮಾಡಬೇಕಾದ್ದೆಲ್ಲ ಮಾಡಿ ಆಗಿದೆ.

ಕೊಡಗಿನಲ್ಲಿ ಸಾಕಬೇಕು ಅನ್ನುವವರು ಸೆಪ್ಟೆಂಬರಿನ ಆಯುಧ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲೆ ತನ್ನಿ, ಮಳೆ ಇಳಿದಿರುತ್ತದೆ, ಹುತ್ತರಿಗೆ ಸಮಯ ಇರುತ್ತದೆ. ಒಂಟಿ ನಾಯಿ ಬೇಡ, ಊರುನಾಯಿ ಜೊತೆಗಿರಲಿ. ಉಣ್ಣೆ ಮಾತ್ರೆ ತೋಟಕ್ಕೆ ಬಿಡುವ ಮೊದಲೇ ಕೊಡಿ. ಮತ್ತೆ, ನಾಯಿ ಕೊಡುವವರ ಹತ್ತಿರ ಅದರ ಪೂರ್ತಿ ದಾಖಲೆಯನ್ನೂ ಮೊದಲ ವರ್ಷದ ಚಿಕಿತ್ಸೆ ಖರ್ಚನ್ನೂ ಬರವಣಿಗೆಯಲ್ಲಿ ಕೇಳಿ. ನಾಲ್ಕನೆಯ ನಾಯಿಗೆ ನಾನು ಕೇಳಿದೆ, ದಾಖಲೆ ಬಂತು. ದುಡ್ಡಿಗೆ ಇನ್ನೂ ಪತ್ರ ಬರೆಯುತ್ತಿದ್ದೇನೆ.