ಚಹಾ ಮಾಡೋದಕ್ಕಿಂತ ಮೊದಲು ಬಟ್ಟೆ ಮಡಚೋದು ಕಲಿತೆ

ಕೆಲಸದ ಮೇಲೆ ಕ್ಯೋಟೋದಲ್ಲಿದ್ದಾಗ ಜಪಾನಿ ಚಹಾ ಸಮಾರಂಭದ ಪಾಠಕ್ಕೆ ಸೇರಿದೆ. ಅಲ್ಲಿನವರು ಇದನ್ನು ಸಾದೋ ಅಂತಾರೆ, ಚಾನೋಯು ಅಂತಲೂ ಅಂತಾರೆ. ಸೇರುವ ಮೊದಲು ಯಾವ ಪಂಥ ಒಳ್ಳೆಯದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 16ನೇ ಶತಮಾನದ ಚಹಾ ಗುರು ಸೆನ್ ನೋ ರಿಕ್ಯೂ ಅವರ ವಂಶದಿಂದ ಬಂದ ಮನೆತನಗಳು ಮೂರು: ಉರಾಸೆಂಕೆ, ಒಮೊತೆಸೆಂಕೆ, ಮುಶಾಕೋಜಿಸೆಂಕೆ. ಉರಾಸೆಂಕೆಯವರ ಚಹಾದಲ್ಲಿ ನೊರೆ ತುಂಬಿರುತ್ತದೆ, ಒಮೊತೆಸೆಂಕೆಯವರದ್ದರಲ್ಲಿ ಕಡಿಮೆ. ಹೊಸಬರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಯಾರ ಮನೆ ಹತ್ತಿರ, ಯಾರು ಕಲಿಸೋದು ನಮಗೆ ಅರ್ಥವಾಗುತ್ತದೆ, ಅಷ್ಟು ನೋಡಿದರೆ ಸಾಕು. ನನಗೆ ಸಿಕ್ಕ ಸೆನ್ಸೆ, ಅಂದರೆ ಗುರು, ಉರಾಸೆಂಕೆಯವರು, ವಯಸ್ಸಾದ ಹೆಂಗಸು, ಮನೆಯಲ್ಲೇ ಪಾಠ ಹೇಳುತ್ತಿದ್ದರು. ಒಂದು ದಿನ ಸುಮ್ನೆ ಕೂತು ನೋಡಬಹುದಾ ಅಂತ ಕೇಳಿದ್ದಕ್ಕೆ ಖುಷಿಯಿಂದಲೇ ಒಪ್ಪಿದರು.

ಶುರುವಿನಲ್ಲಿ ಚಹಾ ಕುಡಿಯೋಕೆ ಸಿಗುತ್ತದೆ, ಮಾಡೋಕೆ ಬಿಡೋದಿಲ್ಲ. ಮೊದಲು ಫುಕುಸಾ. ಪಾತ್ರೆ ಒರೆಸುವ ಚೌಕಾಕಾರದ ರೇಷ್ಮೆ ಬಟ್ಟೆ ಇದು. ಉರಾಸೆಂಕೆಯಲ್ಲಿ ಸಾಮಾನ್ಯವಾಗಿ ಗಂಡಸರಿಗೆ ನೇರಳೆ, ಹೆಂಗಸರಿಗೆ ಕೆಂಪು. ಸೊಂಟದ ಎಡಗಡೆ ಸಿಕ್ಕಿಸಿಕೊಂಡಿರಬೇಕು. ಅದನ್ನು ತೆಗೆದು, ತ್ರಿಕೋನವಾಗಿ ಹಿಡಿದು, ಉದ್ದಕ್ಕೆ ಮೂರು ಪದರ ಮಾಡಿ, ಮತ್ತೆ ಅರ್ಧಕ್ಕೆ ಮಡಚಿ, ಇನ್ನೊಮ್ಮೆ ಮಡಚಿ, ಆಮೇಲೆ ಚಹಾ ಪುಡಿ ಇರುವ ನತ್ಸುಮೆ ಡಬ್ಬಿಯ ಮುಚ್ಚಳ ಒರೆಸಬೇಕು. ಡಬ್ಬಿ ಮೊದಲೇ ಲಕಲಕ ಹೊಳೀತಿರುತ್ತದೆ, ಒರೆಸೋಕೆ ಧೂಳೇ ಇರೋದಿಲ್ಲ! ಅತಿಥಿಯ ಕಣ್ಣೆದುರೇ ಶುಚಿ ಮಾಡೋದು ಮುಖ್ಯ, ಕೊಳೆ ಇದೆಯೋ ಇಲ್ಲವೋ ಅನ್ನೋದಲ್ಲ. ನನ್ನ ಹೆಬ್ಬೆರಳು ಹೊರಗೆ ಚಾಚಿಕೊಂಡಾಗಲೆಲ್ಲ ಸೆನ್ಸೆ ಮಾತಾಡದೆ ತಮ್ಮ ಬೆರಳಿಂದ ಅದನ್ನು ಒಳಗೆ ತಳ್ಳುತ್ತಿದ್ದರು.

ಜೊತೆಜೊತೆಗೆ ಅತಿಥಿಯಾಗೋದನ್ನೂ ಕಲಿಸುತ್ತಾರೆ. ನನ್ನ ಪ್ರಕಾರ ಮೊದಲ ತಿಂಗಳುಗಳ ನಿಜವಾದ ಪಾಠ ಇದೇ. ಮೊದಲು ಸಿಹಿ ತಿನ್ನಬೇಕು, ಚಹಾ ಆಮೇಲೆ. ಬಟ್ಟಲು ಮುಂದೆ ಬಂದಾಗ ಪಕ್ಕದವರಿಗೆ 'ಒಸಾಕಿ ನಿ' (ನಿಮಗಿಂತ ಮೊದಲು ಕುಡಿಯುತ್ತೇನೆ) ಅಂತ ಹೇಳಿ, ಎಡ ಅಂಗೈ ಮೇಲಿಟ್ಟುಕೊಂಡು, ಅದರ ಚಂದದ ಮುಖಕ್ಕೆ ಬಾಯಿ ತಾಗದ ಹಾಗೆ ಎರಡು ಸಲ ಬಲಕ್ಕೆ ತಿರುಗಿಸಿ ಕುಡಿಯಬೇಕು. ಕೊನೆಯ ಗುಟುಕನ್ನು ಸೊರ್ ಅಂತ ಶಬ್ದ ಮಾಡಿಯೇ ಎಳೆಯಬೇಕು. ಚಿಕ್ಕಂದಿನಲ್ಲಿ ಇದಕ್ಕೇ ಬೈಸಿಕೊಂಡಿದ್ದೆ, ಇಲ್ಲಿ ಅದೇ ಮರ್ಯಾದೆ.

ಕಾಲಿನ ವಿಷಯ ಹೇಳಲೇಬೇಕು. ನೆಲದ ಮೇಲೆ ಕೂತು ಬೆಳೆದವರು ನಾವು, ನಮಗೇನು ಕಷ್ಟ ಅಂದುಕೊಂಡರೆ ಕೆಟ್ಟಿರಿ. ಚಕ್ಕಳಮಕ್ಕಳ ಇಲ್ಲಿ ನಡೆಯೋದಿಲ್ಲ. ಸೇಜಾ ಅಂದರೆ ಹೆಚ್ಚುಕಮ್ಮಿ ನಮ್ಮ ವಜ್ರಾಸನ, ಸ್ವಲ್ಪ ಹೊತ್ತಿಗೇ ಪಾದ ಜೋಮು ಹಿಡಿಯುತ್ತದೆ. ಏಳುವ ಮೊದಲು ಕಾಲ್ಬೆರಳು ಮಡಚಿ ಹಿಮ್ಮಡಿ ಮೇಲೆ ಕೂತು ರಕ್ತ ಓಡಾಡಲು ಬಿಡಿ. ಮಂಡಿ ನೋವಿದ್ದರೆ ಮೊದಲೇ ಹೇಳಿಬಿಡಿ, ಸಣ್ಣ ಮಣೆಯಂಥದ್ದು ಕೊಡುತ್ತಾರೆ.

ಸಸ್ಯಾಹಾರಿಗಳು ಸಿಹಿಗೆ ಹೆದರಬೇಕಾದ್ದು ಕಡಿಮೆ. ಬಹುಪಾಲು ಅಝುಕಿ ಅನ್ನೋ ಕೆಂಪು ಕಾಳು ಅಥವಾ ಬಿಳಿ ಬೀನ್ಸ್ ಕಾಳಿನ ಹೂರಣ, ಅಕ್ಕಿ ಹಿಟ್ಟು, ಸಕ್ಕರೆ, ಕಡಲ ಪಾಚಿಯಿಂದ ತೆಗೆದ ಜೆಲ್ಲಿಯಂಥ ಕಾಂತೆನ್. ಕೆಲವಕ್ಕೆ ಮೊಟ್ಟೆ ಹಾಕಿರುತ್ತಾರೆ, ಕೇಳಿಕೊಳ್ಳಿ. ಚಹಾಕ್ಕೆ ಮೊದಲು ಬಡಿಸುವ ಕಾಯಿಸೆಕಿ ಊಟಕ್ಕೆ ಕರೆದಾಗ ಮಾತ್ರ ಹುಷಾರು, ಸಾರಿನಲ್ಲಿ ದಾಶಿ ಅನ್ನೋ ಮೀನಿನ ರಸ ಇರೋದೇ ಜಾಸ್ತಿ.

ಸಾಮಾನಿಗೆ ದುಡ್ಡು ಸುರಿಯಬೇಡಿ. ಫುಕುಸಾ, ಸಿಹಿ ಇಟ್ಟುಕೊಳ್ಳುವ ಕಾಯಿಶಿ ಕಾಗದ, ಸಣ್ಣ ಬೀಸಣಿಗೆ, ಸಿಹಿ ಕತ್ತರಿಸುವ ಕಡ್ಡಿ, ಒಂದು ಜೊತೆ ಬಿಳಿ ಕಾಲುಚೀಲ, ಇಷ್ಟೇ. ಉಂಗುರ, ವಾಚು ತೆಗೆದಿಟ್ಟು ಹೋಗಿ, ಬಟ್ಟಲಿಗೆ ಗೀರು ಬಿದ್ದರೆ ಕಷ್ಟ. ತಿಂಗಳ ಫೀಸನ್ನು ಲಕೋಟೆಯಲ್ಲಿಟ್ಟು ಕೊಡೋದು ವಾಡಿಕೆ.

ನನ್ನ ಕೈಗೆ ಚಾಸೆನ್ ಬಂದಿದ್ದು ಇದೆಲ್ಲ ಆದಮೇಲೆ. ಬಿದಿರಿನ ಕಡೆಗೋಲು ಅದು, ಜಪಾನಿನಲ್ಲಿ ಮಾಡುವವುಗಳಲ್ಲಿ ಹೆಚ್ಚಿನವು ನಾರಾ ಹತ್ತಿರದ ತಕಾಯಾಮಾದಲ್ಲಿ ತಯಾರಾಗುತ್ತವೆ. ಸುಮಾರು 2 ಗ್ರಾಂ ಮಾಚಾ, ಅಂದರೆ ಹಸಿರು ಚಹಾ ಪುಡಿ, 70 ಮಿಲಿ ಬಿಸಿನೀರು. ಸುತ್ತ ತಿರುಗಿಸದೆ ಮಣಿಕಟ್ಟು ಸಡಿಲ ಬಿಟ್ಟು ಹಿಂದೆ ಮುಂದೆ ಆಡಿಸಬೇಕು. ತಟ್ಟೆಯ ಮೇಲೆ ಮಾಡುವ ಬೋನ್‌ರ್ಯಾಕು ವಿಧಾನದಿಂದ ಶುರು. ಅದು ಮುಗಿದು, ನೆಲದ ಮೇಲಿಡುವ ಫುರೋ ಒಲೆ ಮುಂದೆ ಕೈ ಪಳಗುವಷ್ಟರಲ್ಲಿ ನವೆಂಬರ್ ಬಂತು. ಚಳಿಗಾಲಕ್ಕೆ ಬೆಂಕಿ ನೆಲದೊಳಗಿನ ರೋ ಒಲೆಗೆ ಇಳಿಯಿತು, ಕೂರುವ ದಿಕ್ಕು, ಸೌಟು ಇಡುವ ರೀತಿ ಎಲ್ಲ ಬೇರೆ. ಮೇ ತಿಂಗಳಲ್ಲಿ ಫುರೋ ಮತ್ತೆ ಬರುತ್ತದೆ, ಅಷ್ಟರಲ್ಲಿ ಹಳೆಯದು ಮರೆತಿರುತ್ತದೆ ಅಂತ ಸೆನ್ಸೆ ಮೊದಲೇ ನಕ್ಕು ಹೇಳಿದರು.