ಬೇರೆ ದೇಶಕ್ಕೆ ಫೋನ್ ತಗೊಂಡು ಹೋಗೋಕೆ ಮುಂಚೆ ಇದನ್ನ ನೋಡ್ಕೊಳ್ಳಿ

ಮೊದಲು ಫೋನ್ ಲಾಕ್ ಆಗಿದ್ಯಾ ನೋಡಿ. ನೆಟ್‌ವರ್ಕ್ ಕಂಪನಿಯವರು ಕಂತಲ್ಲಿ ಕೊಟ್ಟಿರೋದಾದ್ರೆ ಬೇರೆಯವರ ಸಿಮ್ ಹಾಕಿದ್ರೆ ತಗೊಳ್ದೇ ಇರಬಹುದು. ಐಫೋನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ, ಕ್ಯಾರಿಯರ್ ಲಾಕ್ ಹತ್ರ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತಿದ್ರೆ ಆರಾಮು.

ಆಮೇಲೆ ಬ್ಯಾಂಡು, ಅಂದ್ರೆ ನೆಟ್‌ವರ್ಕ್ ಸಿಗ್ನಲ್ ಓಡೋ ಫ್ರೀಕ್ವೆನ್ಸಿ, ಅಲ್ಲಿಂದು ನಿಮ್ಮ ಫೋನಲ್ಲೂ ಇರಬೇಕು. ಯುರೋಪಲ್ಲಿ 4ಜಿಗೆ 3, 7, 20 ಜಾಸ್ತಿ, ಅಮೆರಿಕದಲ್ಲಿ 2, 4, 12, 13 ಇಂಥವು, ನಿಮ್ಮ ಮಾಡೆಲ್ ನಂಬರ್ ಹಾಕಿ ಹುಡುಕಿದ್ರೆ ಲಿಸ್ಟ್ ಸಿಗತ್ತೆ. ಆದ್ರೆ ನಿಜವಾಗ್ಲೂ ಕೈಕೊಡೋದು ವೋಲ್ಟಿ (4ಜಿ ಮೇಲೇನೇ ಕಾಲ್ ಹೋಗೋ ವ್ಯವಸ್ಥೆ), ಯಾಕಂದ್ರೆ ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿಬಿಟ್ವು, ಹಾಗಾಗಿ ಅಲ್ಲಿನ ನೆಟ್‌ವರ್ಕ್ ನಿಮ್ಮ ಫೋನಿನ ವೋಲ್ಟಿ ಒಪ್ಪದಿದ್ರೆ ನೆಟ್ ಓಡತ್ತೆ, ಕಾಲ್ ಮಾತ್ರ ಹೋಗಲ್ಲ.

ಇನ್ನು ಬಿಲ್ಲು. ಅಮೆರಿಕದಲ್ಲಿ ಮಿನಿಟ್ಸ್ ಲೆಕ್ಕದ ಪ್ಲಾನ್ ತಗೊಂಡ್ರೆ ಒಳಗೆ ಬರೋ ಕಾಲಿಗೂ ನಿಮ್ದೇ ಮಿನಿಟ್ಸ್ ಕಟ್ ಆಗತ್ತೆ, ಯುರೋಪಲ್ಲಿ ಮಾಡಿದವರ ತಲೆಗೇ ಬರತ್ತೆ. ಯುರೋಪಿಯನ್ ಯೂನಿಯನ್ ಒಳಗೆ ಅಲ್ಲಿನದೇ ಸಿಮ್ ಇದ್ರೆ 2017ರಿಂದ ಮಾಮೂಲಿ ಓಡಾಟಕ್ಕೆ ರೋಮಿಂಗ್ ದುಡ್ಡಿಲ್ಲ, ಆದ್ರೆ ಸ್ವಿಟ್ಜರ್ಲೆಂಡ್ ಅದರಲ್ಲಿ ಸೇರಿಲ್ಲ ಮಾರಾಯ್ರೆ, ಗಡಿ ಹತ್ರ ಫೋನ್ ತಾನಾಗೇ ಆ ಕಡೆ ಟವರ್ ಹಿಡ್ಕೊಂಡುಬಿಡತ್ತೆ, ಅಲ್ಲಿ ನೆಟ್‌ವರ್ಕ್ ಮ್ಯಾನುಯಲ್ ಇಡಿ.

ಊರಿನ ಸಿಮ್ ಓಟಿಪಿಗೆ ಬೇಕೇಬೇಕು, ಅದರ ಡೇಟಾ ರೋಮಿಂಗ್ ಮತ್ತೆ ವಾಯ್ಸ್‌ಮೇಲ್ ಎರಡನ್ನೂ ಹೊರಡೋಕೆ ಮುಂಚೇನೇ ಆಫ್ ಮಾಡಿ.