ಸುಳಿವು ಕೊಟ್ಟದ್ದು 40 ಎಂಬ ಅಂಕಿ

ಲಿನಕ್ಸ್ ಕಂಪ್ಯೂಟರಿಗೆ ಲಾಗಿನ್ ಆದಾಗಲೆಲ್ಲ ವಾಲ್ಯೂಮ್ ಶೇ. 40ಕ್ಕೆ ಇಳಿದಿರುತ್ತಿತ್ತು. ಹಿಂದಿನ ದಿನ ಸ್ಪೀಕರ್ ಆಯ್ದಿಟ್ಟಿದ್ದರೂ ಧ್ವನಿ ಮಾನಿಟರಿನ ಎಚ್‌ಡಿಎಂಐ ಕೇಬಲ್ ಕಡೆಗೆ ತಿರುಗಿರುತ್ತಿತ್ತು. ದಿನವಿಡೀ ಸಂಗೀತ ಕೇಳುತ್ತಲೇ ಕೆಲಸ ಮಾಡುವ ನನಗೆ ಇದನ್ನು ಹಾಗೇ ಬಿಡುವುದು ಆಗಲಿಲ್ಲ.

ಸಂಶಯ ಮೊದಲು ಹೋದದ್ದು ಲಿನಕ್ಸಿನ ತಳಮಟ್ಟದ ಧ್ವನಿ ವ್ಯವಸ್ಥೆಯಾದ ಆಲ್ಸಾ ಮೇಲೆ. ಯಂತ್ರ ಆರುವಾಗ ಸೌಂಡ್ ಕಾರ್ಡಿನ ಮಟ್ಟಗಳನ್ನು ‘ಎಸೌಂಡ್ ಡಾಟ್ ಸ್ಟೇಟ್’ ಎಂಬ ಫೈಲಿಗೆ ಬರೆದಿಟ್ಟು, ಮತ್ತೆ ಶುರುವಾದಾಗ ಅಲ್ಲಿಂದ ಓದಿ ಕಾರ್ಡಿಗೆ ತುಂಬುವುದು ಅದರ ಕೆಲಸ. ರೂಟ್ ಆಗಿ, ಎಂದರೆ ಎಲ್ಲ ಅಧಿಕಾರವಿರುವ ಖಾತೆಯಿಂದ, ಮಟ್ಟಗಳನ್ನು ಉಳಿಸುವ ‘ಆಲ್ಸಾಸಿಟಿಎಲ್ ಸ್ಟೋರ್’ ಕಮಾಂಡ್ ಕೊಟ್ಟೆ. ಮರುದಿನ ಮತ್ತೆ 40. ಫೈಲಿನ ಸಮಯ ನೋಡಿದರೆ, ಹಿಂದಿನ ರಾತ್ರಿ ಕಂಪ್ಯೂಟರ್ ಆರಿಸಿದ ನಿಮಿಷವೇ ಅಲ್ಲಿತ್ತು. ಆರುವಾಗ ಆಲ್ಸಾದ ಸೇವೆಯೇ ತಾನಾಗಿ ಬರೆಯುತ್ತಿತ್ತು, ನಾನು ಕೈಯಾರೆ ಉಳಿಸುವ ಅಗತ್ಯವೇ ಇರಲಿಲ್ಲ.

ಬರೆದದ್ದು ಮರಳಿ ಬರುತ್ತಿದೆಯೇ ಎಂದು ತಿಳಿಯಲು ಗ್ರಾಫಿಕ್ ಪರದೆಯನ್ನು ಏಳಲು ಬಿಡದೆ, ಬರೀ ಅಕ್ಷರದ ಕನ್ಸೋಲಿಗೆ ಬೂಟ್ ಮಾಡಿ ರೂಟ್ ಆಗಿ ಒಳಹೋದೆ. ಮಟ್ಟಗಳನ್ನು ತೋರಿಸುವ ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ನಿಜವಾದ ಕಾರ್ಡನ್ನೇ ಆರಿಸಿದೆ. ಡೆಸ್ಕ್‌ಟಾಪಿನಲ್ಲಿ ಈ ಎಫ್6 ಒತ್ತದಿದ್ದರೆ ಆ್ಯಪ್‌ಗಳ ಧ್ವನಿಯನ್ನು ಕಾರ್ಡಿಗೆ ತಲುಪಿಸುವ ಸೌಂಡ್ ಸರ್ವರಿನ ಒಂದೇ ವಾಲ್ಯೂಮ್ ಪಟ್ಟಿ ಕಾಣಿಸುತ್ತದೆ, ಕಾರ್ಡಿನ ಸ್ಥಿತಿ ತಿಳಿಯುವುದೇ ಇಲ್ಲ. ರಾತ್ರಿ ಬಿಟ್ಟಿದ್ದ ಮಟ್ಟ ಹಾಗೇ ಇತ್ತು! ಆಲ್ಸಾ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಕೆಡುತ್ತಿದ್ದದ್ದು ನಾನು ಲಾಗಿನ್ ಆದ ಮೇಲೆ.

ಆಗ ಆ 40ರ ಕಡೆ ಗಮನ ಹೋಯಿತು. ಒಮ್ಮೆಯೂ 39 ಅಲ್ಲ, 41 ಅಲ್ಲ. ಪೈಪ್‌ವೈರ್ ಎಂಬ ಸೌಂಡ್ ಸರ್ವರ್ ಇರುವ ಕಡೆ ನಮ್ಮ ಆಯ್ಕೆಗಳನ್ನು ನೆನಪಿಡುವುದು ಅದರ ಜೊತೆ ಓಡುವ ವೈರ್‌ಪ್ಲಂಬರ್ ಎಂಬ ಪ್ರೋಗ್ರಾಂ. ಉಳಿಸಿದ ಮಟ್ಟ ಸಿಗದಿದ್ದರೆ ಅದು ಮೂಲ ಮಟ್ಟವಾಗಿ 0.064 ಇಡುತ್ತದೆ. ಇದು 0.4ರ ಘನ, ಸ್ಲೈಡರಿನಲ್ಲಿ ಶೇ. 40. ಎಂದರೆ ನನ್ನ ಯಂತ್ರದಲ್ಲಿ ಅದಕ್ಕೆ ಹಳೆಯ ನೆನಪೇ ಇರಲಿಲ್ಲ.

ಅದರ ನೆನಪು ಇರುವುದು ಹೋಮ್ ಫೋಲ್ಡರಿನ ‘ಡಾಟ್ ಲೋಕಲ್’ ಒಳಗೆ, ‘ಸ್ಟೇಟ್’ ಎಂಬಲ್ಲಿರುವ ‘ವೈರ್‌ಪ್ಲಂಬರ್’ ಫೋಲ್ಡರಿನಲ್ಲಿ. ‘ಎಲ್‌ಎಸ್’ ಕಮಾಂಡಿನಿಂದ ಪಟ್ಟಿ ತೆಗೆದಾಗ ಒಡೆಯನ ಜಾಗದಲ್ಲಿ ನನ್ನ ಹೆಸರಿರಲಿಲ್ಲ, ‘ರೂಟ್’ ಎಂದಿತ್ತು. ಕೆಲವು ವಾರಗಳ ಹಿಂದೆ ಬ್ಯಾಕಪ್ಪಿನಿಂದ ಹೋಮ್ ಫೋಲ್ಡರನ್ನು ರೂಟ್ ಆಗಿ ನಕಲು ಮಾಡಿದ್ದೆ. ಒಡೆತನ ಆಗಲೇ ಬದಲಾಗಿತ್ತು. ನನ್ನ ಹೆಸರಿನಲ್ಲಿ ಓಡುವ ವೈರ್‌ಪ್ಲಂಬರಿಗೆ ಅಲ್ಲಿ ಓದಲೂ ಬರೆಯಲೂ ಅನುಮತಿ ಇರಲಿಲ್ಲ.

ಒಡೆತನ ಬದಲಿಸುವ ‘ಸಿಎಚ್‌ಓನ್’ ಕಮಾಂಡಿನಿಂದ ಇಡೀ ಫೋಲ್ಡರನ್ನು ನನ್ನ ಹೆಸರಿಗೆ ತಂದು, ವೈರ್‌ಪ್ಲಂಬರ್ ಸೇವೆಯನ್ನು ಮರುಚಾಲನೆ ಮಾಡಿ, ವಾಲ್ಯೂಮನ್ನು 75ಕ್ಕೆ ಏರಿಸಿದೆ. ಒಳಗಿನ ‘ಡಿಫಾಲ್ಟ್ ರೂಟ್ಸ್’ (ಇಲ್ಲಿ ರೂಟ್ ಎಂದರೆ ಧ್ವನಿಯ ದಾರಿ) ಫೈಲಿನ ಸಮಯ ಒಡನೆಯೇ ಬದಲಾಯಿತು. ಮರುದಿನ ಸ್ಪೀಕರೇ ಆಯ್ಕೆಯಾಗಿತ್ತು, ವಾಲ್ಯೂಮ್ 75ರಲ್ಲೇ ಇತ್ತು. ಅದೇ ಬ್ಯಾಕಪ್ಪಿನಿಂದ ಬಂದ ಉಳಿದ ಫೋಲ್ಡರುಗಳನ್ನೂ ಅಂದೇ ತಡಕಿದೆ; ರೂಟ್ ಹೆಸರಿನಲ್ಲಿ ಇನ್ನೆರಡು ಸಿಕ್ಕವು.